ಹಲಗೆಯ ಮೇಲಣ ರೈಲುದಾರಿ

ಬಾಲಿಕೆಯರ ಕೈಗೆ ಪೊರಕೆಯನ್ನೂ ಸೌಟನ್ನೂ ಕೊಡುವುದರಲ್ಲಿ ನಮ್ಮ ಮನೆಗಳು ಎಂದೂ ಹಿಂದೆ ಬಿದ್ದವುಗಳಲ್ಲ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದೇ ಕೈಗೆ ಇಕ್ಕಳವನ್ನೂ ಅರವನ್ನೂ ಕೊಟ್ಟು, ಬಾಲಿಕೆಯು ತಾನಾಗಿ ಆರಂಭಿಸಿದ ಕೆಲಸವನ್ನು ಅವಳು ಮುಗಿಸುವ ತನಕ ಯಾರೂ ಕದಲಿಸದಂತೆ ಕಾಪಾಡುವ ಮನೆಗಳು ಎಷ್ಟಿವೆ? ಈ ಪ್ರಶ್ನೆಯನ್ನು ನಮ್ಮ ಪೂರ್ವವಿದ್ಯಾರ್ಥಿನಿಯರ ಮುಂದೆಯೂ ಪೋಷಕರ ಮುಂದೆಯೂ ಇಡಬಯಸುತ್ತೇವೆ. ಇದು ನಮ್ಮಲ್ಲಿ ಹುಟ್ಟಲು ಕಾರಣವಾದದ್ದು ಒಂದು ಆಟದ ರೈಲು.

ಕಳೆದ ಸುಗ್ಗಿಯ ಕಾಲದಲ್ಲಿ ನಾವು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಕನಕೋಟೆಯ ಕಾಡಿನ ಅಂಚಿಗಿರುವ ಒಂದು ಹಳ್ಳಿಗೆ, ನಮ್ಮ ಶಾಲೆಯಲ್ಲಿ ಓದಿದ ಒಬ್ಬ ತಾಯಿಯ ಮನೆಗೆ ಹೋಗಿದ್ದೆವು. ಆ ಸೀಮೆಯಲ್ಲಿ ಆನೆಯ ಘೀಳು ಕೇಳುವುದುಂಟು. ರೈಲಿನ ಕೂಗು ಕೇಳುವುದಿಲ್ಲ. ಅಲ್ಲಿಯ ಹದಿಮೂರು ವರ್ಷದ ಮಗಳು ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯವನ್ನು ನೋಡಿ, ಅಲ್ಲಿರುವ 1899ರ ಮಹಾರಾಣಿಯವರ ಗಾಡಿಯೊಳಗೆ ಅಡುಗೆಮನೆಯೂ ಉಂಟೆಂದು ಕಂಡು ಬೆರಗಾಗಿದ್ದಳು. ಬಳಿಕ ಕೃಷ್ಣರಾಜನಗರದ ಸೋದರಮಾವನ ಮನೆಗೆ ರೈಲಿನಲ್ಲಿ ಹೋಗುವಾಗ ಸಾಗರಕಟ್ಟೆಯ ಸೇತುವೆಯನ್ನು ದಾಟಿದ್ದಳು. ಊರಿಗೆ ಬಂದವಳು ಆ ದಾರಿಯನ್ನೇ ಮನೆಯಲ್ಲಿ ಕಟ್ಟಲು ತೊಡಗಿದಳು.

ನಡುಮನೆಯ ಮೂಲೆಯಲ್ಲಿ ಹಳೆಯ ಬಾಗಿಲಿನ ಒಂದು ಹಲಗೆ. ಅದೇ ಅವಳ ಭೂಮಿ. ನಿಜವಾದುದರ ನೂರರಲ್ಲಿ ಒಂದು ಪಾಲು ಎಂದು ಅಳತೆಯನ್ನು ಗೊತ್ತುಮಾಡಿಕೊಂಡಿದ್ದಳು. ನಮ್ಮ ದೇಶದ ಬ್ರಾಡ್ ಗೇಜಿನಲ್ಲಿ ಹಳಿಗಳ ನಡುವಣ ಅಂತರವು 1676 ಮಿಲಿಮೀಟರು. ಹಲಗೆಯ ಮೇಲೆ ಅದು 17ಕ್ಕೆ ತುಸು ಕಡಿಮೆ. ಸುಮಾರು 21 ಮೀಟರು ಉದ್ದದ ಗಾಡಿಯು 21 ಸೆಂಟಿಮೀಟರು. ಆ ಮಾರ್ಗವು ಹಿಂದೆ ಮೀಟರ್ ಗೇಜಿನದಾಗಿತ್ತೆಂದು ಅಜ್ಜ ಹೇಳಿದೊಡನೆ, ಹಾಗಾದರೆ ಹಳಿಗಳ ನಡುವೆ ಸರಿಯಾಗಿ 10 ಮಿಲಿಮೀಟರು ಇರಬೇಕಾಗಿತ್ತೆಂದು ಬಾಯಿಲೆಕ್ಕದಲ್ಲೇ ಹೇಳಿದಳಂತೆ. ಸೈಕಲ್ಲಿನ ಕಡ್ಡಿಗಳೇ ಹಳಿಗಳು, ಬಿದಿರಿನ ಸೀಳುಗಳೇ ಸೇತುವೆ, ಲಗ್ನಪತ್ರಿಕೆಗಳ ರಟ್ಟೇ ಸ್ಟೇಷನ್ನು, ಕೆಂಪು ಹಸುರು ಬಳೆಚೂರುಗಳೇ ಸಿಗ್ನಲ್ಲಿನ ದೀಪಗಳು. ನೆನೆಸಿದ ಕಾಗದಕ್ಕೆ ಮೆಂತ್ಯವನ್ನು ಸೇರಿಸಿ ರುಬ್ಬಿ ಕುಕ್ಕೆಗಳನ್ನು ಮಾಡುತ್ತಿದ್ದ ಅಜ್ಜಿಯೇ ಗುಡ್ಡಕ್ಕೆ ಬೇಕಾದ ಹಿಟ್ಟನ್ನು ರುಬ್ಬಿಕೊಟ್ಟರು.

ಗಾಡಿಯು ತಿರುವಿಗೆ ಬಂದಾಗಲೆಲ್ಲ ಹಳಿ ತಪ್ಪುತ್ತಿತ್ತು. ಆಗ ತಾಯಿಯು ತಾನು ಓದಿದ್ದ ವಿಜ್ಞಾನಪಾಠವನ್ನು ನೆನೆದು, ಬುಡ ಕಿರಿದಾಗಿ ಬಾಯಿ ಅಗಲವಾಗಿರುವ ಎರಡು ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಇಳಿಜಾರಾಗಿ ಇಟ್ಟ ಎರಡು ಬಿದಿರುಗಳುಗಳ ಮೇಲೆ ಉರುಳಿಬಿಟ್ಟಳು. ಅದು ಓರೆಯಾದರೂ ತಾನೇ ನಡುವಿಗೆ ಸರಿದುಕೊಂಡು ಕೊನೆಯ ತನಕ ಹೋಯಿತು. ಬುಡಕ್ಕೆ ಬುಡ ಸೇರಿಸಿದಾಗ ಅರ್ಧದಲ್ಲೇ ಬಿದ್ದಿತು. ಯಾವ ಬದಿಗೆ ಜರುಗಿದರೆ ಆ ಬದಿಯ ಸುತ್ತಳತೆ ಹೆಚ್ಚಾಗಿ, ಆ ಕಡೆಯು ಹೆಚ್ಚು ದೂರ ಉರುಳಿ, ಬಂಡಿಯನ್ನು ಮರಳಿ ನಡುವಿಗೆ ತಿರುಗಿಸುತ್ತದೆ. ರೈಲಿನ ಚಕ್ರವು ಒಳಬದಿಯಲ್ಲಿ ತುಸು ದೊಡ್ಡದಾಗಿಯೂ ಹೊರಬದಿಯಲ್ಲಿ ಸಣ್ಣದಾಗಿಯೂ ಇರುವುದು ಇದಕ್ಕಾಗಿಯೇ. ಮಗಳು ತನ್ನ ಅಂಗಿಗುಂಡಿಯ ಚಕ್ರಗಳ ಅಂಚನ್ನು ಓರೆಯಾಗಿ ಉಜ್ಜಿ, ತಿರುವನ್ನೂ ಅಗಲಿಸಿದಳು. ಅಡುಗೆಮನೆಯ ಲೋಟವೇ ಅವಳಿಗೆ ಪಾಠ ಹೇಳಿತ್ತು.

ನಾವು ಅಲ್ಲಿದ್ದಾಗಲೇ ಕಣದಿಂದ ರಾಗಿಯ ಮೂಟೆಗಳು ಬಂದವು. ಸ್ಥಳ ಬೇಕಾಯಿತು, ಹಲಗೆಯು ಕೊಟ್ಟಿಗೆಗೆ ಹೋಯಿತು. ಬೆಳಗಾಗುವುದರೊಳಗೆ ಕರುವು ಸೇತುವೆಯನ್ನು ತುಳಿದಿತ್ತು, ಗುಡ್ಡವನ್ನು ನೆಕ್ಕಿತ್ತು. ಅಣ್ಣನ ಕ್ರಿಕೆಟ್ ಬ್ಯಾಟು ಮಾತ್ರ ಗೂಟದ ಮೇಲೆ ಇದ್ದಂತೆಯೇ ಇತ್ತು. ಹುಡುಗಿಯು ಅಳಲಿಲ್ಲ. ಸೈಕಲ್ ಕಡ್ಡಿಗಳನ್ನು ಒಟ್ಟುಗೂಡಿಸಿ ತಿಪ್ಪೆಗೆ ಹಾಕಲು ಹೊರಟಳು. ಆ ಮೌನವು ಅಳುವಿಗಿಂತ ಹೆಚ್ಚಾಗಿ ನಮ್ಮನ್ನು ನೋಯಿಸಿತು.

ತಾಯಿಯು ನಮ್ಮೊಡನೆ ಹೇಳಿದ ಮಾತು ಇದು: "ಎತ್ತಿಡಿಸಿದವಳು ನಾನೇ, ಅಮ್ಮಾವ್ರೆ. ರಾಗಿ ನೆನೆಯಬಾರದು ಅಂತ ಯೋಚನೆ ಬಂತು, ಅವಳ ಹಲಗೆ ಎಲ್ಲಿ ಹೋದೀತು ಅಂತ ಬರಲಿಲ್ಲ. ನಾನು ಶಾಲೆಯಲ್ಲಿ ಹಾಕಿದ ಕಸೂತೀನ ನಮ್ಮವ್ವ ಒಲೆ ಒರೆಸೋಕೆ ತಗೊಂಡಾಗ ನಾನು ಎಷ್ಟು ಅತ್ತಿದ್ದೆ!"

ಇಂಥ ಕೆಲಸದಿಂದ ಓದು ಕೆಡುತ್ತದೆಂದು ಕೆಲವರು ಹೇಳುವರು. ಪ್ರಮಾಣ, ಭಾಗಾಕಾರ, ಚಕ್ರದ ಗತಿ ಇವೆಲ್ಲ ಓದಲ್ಲದೆ ಮತ್ತೇನು? ದುಡ್ಡು ದಂಡವೆಂದು ಕೆಲವರು ಹೇಳುವರು. ಆ ಹಲಗೆಯ ಮೇಲಿದ್ದುದರಲ್ಲಿ ಬಹುಪಾಲು ನಾವು ಬಿಸಾಡುವ ವಸ್ತುವೇ. ಇದು ಗಂಡುಮಕ್ಕಳ ಆಟವೆಂದು ಇನ್ನು ಕೆಲವರು ಹೇಳುವರು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯವರು 1920ರಲ್ಲಿ ಮಾರಾಟಕ್ಕೆ ತಂದ ಆಟದ ರೈಲುಗಳು ಹುಡುಗರಿಗೆಂದೇ ಪ್ರಚಾರಗೊಂಡವೆಂಬುದು ನಿಜ. ಆದರೆ ಅದು ಅಂಗಡಿಯ ಮಾತೇ ಹೊರತು ಪ್ರಕೃತಿಯ ನಿಯಮವಲ್ಲ. ಸಾತಾರಾದ ರೈತನೊಬ್ಬನ ಮಗಳಾದ ಸುರೇಖಾ ಯಾದವ್ ಅವರು ನಮ್ಮ ದೇಶದ ಪ್ರಥಮ ಮಹಿಳಾ ರೈಲುಚಾಲಕಿಯೆನಿಸಿ, 2023ರಲ್ಲಿ ವಂದೇ ಭಾರತ್ ರೈಲನ್ನು ಸೋಲಾಪುರದಿಂದ ಮುಂಬಯಿಗೆ ನಡೆಸಿದರು. ನಮ್ಮ ಬಾಲಿಕೆಯರೆಲ್ಲರೂ ರೈಲು ನಡೆಸಲೇಬೇಕೆಂದು ನಮ್ಮ ಅಭಿಪ್ರಾಯವಲ್ಲ. ತಾನು ಕಟ್ಟಿದ್ದಕ್ಕೆ ತನ್ನ ಮನೆಯಲ್ಲಿ ಬೆಲೆಯುಂಟೆಂದು ಅರಿತ ಬಾಲಿಕೆಯು ಮುಂದೆ ಯಾವ ಕೆಲಸವನ್ನಾದರೂ ಧೈರ್ಯದಿಂದ ಹಿಡಿದಾಳು. ಹಾಗಿಲ್ಲವೆಂದು ಅರಿತವಳು ಆರಂಭಿಸುವುದನ್ನೇ ಬಿಟ್ಟಾಳು.

ರಾಗಿಯೂ ಒಳಗೆ ಬರಬೇಕು, ಪಾತ್ರೆಯೂ ತೊಳೆಯಲ್ಪಡಬೇಕು. ಪಾತ್ರೆ ತೊಳೆಯುವುದರಲ್ಲಿ ಅಣ್ಣನಿಗೂ ಪಾಲಿರಲಿ; ಆಗ ತಂಗಿಗೆ ದಿನಕ್ಕೊಂದು ಗಂಟೆ ತಾನಾಗಿ ದೊರಕುವುದು. ಮನೆಯಲ್ಲಿ ಒಂದು ಹಲಗೆಯಷ್ಟು ಸ್ಥಳವು ಅವಳದೆಂದು ಗೊತ್ತಾಗಿರಲಿ. ತೆಗೆಯಲೇಬೇಕಾದಾಗ ಅವಳನ್ನು ಕೇಳಿ, ಅವಳ ಕೈಯಿಂದಲೇ ತೆಗೆಸಿರಿ. ಆ ತಾಯಿಯು ತಿಪ್ಪೆಯ ಬಳಿಯಿಂದ ಕಡ್ಡಿಗಳನ್ನು ತಾನೇ ಹಿಂದಕ್ಕೆ ತಂದು, ಅಟ್ಟದ ಮೇಲೆ ಜಾಗ ಮಾಡಿ, ಹಲಗೆಯನ್ನು ಅಲ್ಲಿಗೆ ಏರಿಸಿದಳು. ನಾವು ಹೊರಡುವ ದಿನ ಸಾಗರಕಟ್ಟೆಯ ಸೇತುವೆಗೆ ಎರಡು ಕಂಬಗಳು ಮಾತ್ರ ಬಾಕಿಯಿದ್ದವು. ಅಣ್ಣನು ಕೆಳಗೆ ಕುಳಿತು ಅವುಗಳಿಗೆ ಬಿದಿರು ಸೀಳುತ್ತಿದ್ದನು. ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಒಂದು ಹಲಗೆಗೆ ಸ್ಥಳ ದೊರೆಯಲೆಂದು ಹಾರೈಸುತ್ತೇವೆ.