ಅರವತ್ತು ದಿನ ಮೊದಲೇ ಹಸಿವಾಗಬೇಕೆ?

ಕಳೆದ ಜನವರಿಯ ಒಂದು ಮುಂಜಾನೆ, ಐದು ಗಂಟೆಗೆ ಇನ್ನೂ ಎರಡು ನಿಮಿಷವಿರುವಾಗ, ನಾನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕದಲ್ಲಿ ಫೋನು, ಫೋನಿನ ಪಕ್ಕದಲ್ಲಿ ಕ್ರೆಡಿಟ್ ಕಾರ್ಡು ಇಟ್ಟುಕೊಂಡು ಕುಳಿತಿದ್ದೆ. ಹೊರಗೆ ಹಿಮ ಬೀಳುತ್ತಿತ್ತು. ಹಿಂದಿನ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಿಂದ ಬಂದವನು ಮತ್ತೆ ಈ ಹೊತ್ತಿಗೆ ಎದ್ದು ಕುಳಿತಿರುವುದನ್ನು ಕಂಡು, ಕಾಫಿಗೆಂದು ಎದ್ದು ಬಂದ ಅಮ್ಮನಿಗೆ ಗಾಬರಿಯಾಯಿತು.

"ಏನಪ್ಪಾ, ಆಸ್ಪತ್ರೆಯಿಂದ ಫೋನ್ ಬಂತಾ?"

"ಇಲ್ಲಮ್ಮ, ಊಟಕ್ಕೆ ಜಾಗ ಹಿಡೀತಿದ್ದೀನಿ."

"ಎಲ್ಲಿ ಊಟ, ಇಷ್ಟು ಬೆಳಗ್ಗೆ?"

"ಮಾರ್ಚಿನಲ್ಲಿ. ಫ್ಲಾರಿಡಾಕ್ಕೆ ಹೋಗ್ತೀವಲ್ಲ, ಅಲ್ಲಿ."

ಅಮ್ಮ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಮದುವೆ ಮನೆಯವರೂ ಇಷ್ಟು ಮುಂಚೆ ಊಟಕ್ಕೆ ಕರೆಯೋದಿಲ್ವಲ್ಲೋ" ಎಂದು ಹೇಳಿ ಡಿಕಾಕ್ಷನ್ ಇಳಿಸಲು ಹೋದರು.

ನಮ್ಮ ಸಂಘದ ಬಹುಪಾಲು ಕುಟುಂಬಗಳಿಗೆ ಈ ದೃಶ್ಯ ಅಪರಿಚಿತವೇನಲ್ಲ. ಮಕ್ಕಳ ವಸಂತ ರಜೆಯಲ್ಲೋ ಡಿಸೆಂಬರಿನಲ್ಲೋ ಒಮ್ಮೆ ಫ್ಲಾರಿಡಾದ ಯಾವುದಾದರೊಂದು ಥೀಮ್ ಪಾರ್ಕಿಗೆ ಹೋಗಿಬರುವುದು ಈ ದೇಶದ ಬಾಲ್ಯದ ಒಂದು ಸಂಸ್ಕಾರವೇ ಆಗಿದೆ. ಊರಿನಿಂದ ತಂದೆ ತಾಯಿ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗುವುದು ವಾಡಿಕೆ. ನಾವು ಹೋದ ಉದ್ಯಾನದ ಹೆಸರು ಇಲ್ಲಿ ಬೇಡ. ದೂರು ಒಂದು ಸಂಸ್ಥೆಯ ಮೇಲಿನದಲ್ಲ, ಒಂದು ಪದ್ಧತಿಯ ಮೇಲಿನದು. ಆ ಪದ್ಧತಿಯಲ್ಲಿ ನಮ್ಮ ಪಾಲೂ ಇದೆ ಎಂಬುದು ಈ ಬರಹ ಮುಗಿಯುವಷ್ಟರಲ್ಲಿ ತಿಳಿಯುತ್ತದೆ.

ಅಲ್ಲಿನ ನಿಯಮದ ಪ್ರಕಾರ, ಕುಳಿತು ಬಡಿಸಿಕೊಂಡು ತಿನ್ನುವ ಹೋಟೆಲುಗಳ ಮೇಜುಗಳನ್ನು ಅರವತ್ತು ದಿನ ಮೊದಲೇ ಕಾಯ್ದಿರಿಸಬಹುದು. ಬಾಗಿಲು ತೆರೆಯುವುದು ಪೂರ್ವ ವಲಯದ ಬೆಳಗಿನ ಆರಕ್ಕೆ; ನಮ್ಮಂಥ ಮಧ್ಯ ವಲಯದವರಿಗೆ ಅದು ಐದು. ಐದು ಗಂಟೆ ನಾಲ್ಕು ನಿಮಿಷಕ್ಕೆ ನಾನು ಕೇಳಿದ ಹೋಟೆಲಿನಲ್ಲಿ ಹನ್ನೆರಡೂವರೆಯ ಮೇಜೂ ಇರಲಿಲ್ಲ, ಒಂದು ಗಂಟೆಯದೂ ಇರಲಿಲ್ಲ. ಉಳಿದಿದ್ದವು ಎರಡೇ: ಬೆಳಗ್ಗೆ ಹತ್ತು ಐವತ್ತು ಮತ್ತು ಮಧ್ಯಾಹ್ನ ಮೂರು ಹತ್ತು. ಹತ್ತು ಐವತ್ತಕ್ಕೆ ಊಟ ಮಾಡುವವರು ಯಾರು? ಆ ಹೋಟೆಲಿನಲ್ಲಿ ಕಥೆಗಳ ರಾಜಕುಮಾರಿಯರ ವೇಷ ಧರಿಸಿದವರು ಮೇಜಿನ ಬಳಿಗೇ ಬಂದು ಮಾತನಾಡಿಸುತ್ತಾರೆ. ಎಂಟು ವರ್ಷದ ಮಗಳು ಆರು ತಿಂಗಳಿನಿಂದ ಅದನ್ನೇ ಜಪಿಸುತ್ತಿದ್ದಳು. ಮೂರು ಹತ್ತನ್ನು ಒತ್ತಿದೆ. ಬಾರದಿದ್ದರೆ ತಲೆಗೆ ಇಷ್ಟು ಡಾಲರ್ ದಂಡ ಎಂಬ ಷರತ್ತಿಗೆ ಒಪ್ಪಿ, ಕಾರ್ಡಿನ ಸಂಖ್ಯೆ ಕೊಟ್ಟೆ.

ರೈಲ್ವೆಯ ನೆನಪಾಗದಿರಲು ಸಾಧ್ಯವೇ? ಭಾರತೀಯ ರೈಲ್ವೆಯು ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಿತು. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗುವ ರೈಲಿನ ಬರ್ತಿಗೂ ಫ್ಲಾರಿಡಾದ ಒಂದು ತಟ್ಟೆ ಪಾಸ್ತಾಕ್ಕೂ ಈಗ ಒಂದೇ ಗಡುವು. ತತ್ಕಾಲ್ ಕಿಟಕಿ ಹವಾನಿಯಂತ್ರಿತ ದರ್ಜೆಗೆ ಬೆಳಗ್ಗೆ ಹತ್ತಕ್ಕೆ, ಇತರ ದರ್ಜೆಗಳಿಗೆ ಹನ್ನೊಂದಕ್ಕೆ ತೆರೆಯುವಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದುದನ್ನು ಬಲ್ಲ ನಮಗೆ ಈ ಓಟ ಹೊಸದಲ್ಲ. ಆದರೂ ಒಂದು ವ್ಯತ್ಯಾಸವಿದೆ. ರೈಲ್ವೆಯಲ್ಲಿ ಕಾಯುವವರ ಪಟ್ಟಿ ಎಂಬುದೊಂದಿದೆ, ಆರ್‌ಎಸಿ ಎಂಬುದೊಂದಿದೆ. ಪೂರ್ತಿ ಬರ್ತು ಸಿಗದಿದ್ದರೂ ಬದಿಯ ಬರ್ತಿನಲ್ಲಿ ಇಬ್ಬರು ಎದುರುಬದುರು ಕುಳಿತು ಊರು ಸೇರುತ್ತೇವೆ. ಅರ್ಧ ಮೇಜನ್ನು ಅಪರಿಚಿತರೊಂದಿಗೆ ಹಂಚಿಕೊಳ್ಳಿ ಎಂದು ಅಮೆರಿಕದಲ್ಲಿ ಯಾರೂ ಹೇಳುವುದಿಲ್ಲ. ಹೇಳಿದ್ದರೆ ನಾನು ಸಂತೋಷದಿಂದ ಒಪ್ಪುತ್ತಿದ್ದೆ. ಬೆಂಗಳೂರಿನ ಹಳೆಯ ಹೋಟೆಲುಗಳಲ್ಲಿ ದೋಸೆ ತಿಂದವರಿಗೆ ಎದುರು ಕುರ್ಚಿಯಲ್ಲಿ ಅಪರಿಚಿತರಿರುವುದು ಸಹಜವೇ.

ಇನ್ನು ಮಾರ್ಚಿನ ಆ ದಿನದ ವಿಷಯ.

ಅಮ್ಮನಿಗೆ ಎಪ್ಪತ್ತೊಂದು. ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಜೊತೆಗೆ ಬೆಳಗ್ಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಶಿವಮೊಗ್ಗದ ಮನೆಯಲ್ಲಿ ಹನ್ನೆರಡೂವರೆಗೆ ಎಲೆ ಹಾಕಿಯೇ ತೀರಬೇಕು. ಗಡಿಯಾರ ತಪ್ಪಬಹುದು, ಅವರ ಊಟ ತಪ್ಪದು. ಆ ದಿನ ಬಸ್ಸು ತಪ್ಪೀತೆಂಬ ಅವಸರದಲ್ಲಿ ಬೆಳಗಿನ ತಿಂಡಿ ಅರ್ಧಕ್ಕೇ ನಿಂತಿತು. ಬಿಸಿಲಿನಲ್ಲಿ ನಡೆದದ್ದು ಮೈಲುಗಟ್ಟಲೆ. ನಡುವೆ ಏನಾದರೂ ತಿನ್ನೋಣವೆಂದರೆ ಕೌಂಟರುಗಳ ಮುಂದೆಯೂ ಉದ್ದನೆಯ ಸಾಲು. ಸಾಲಿನ ಕೊನೆಯಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಆಲೂಗಡ್ಡೆ ಫ್ರೈ. "ಮೂರು ಗಂಟೆಗೆ ಒಳ್ಳೆ ಊಟ ಇದೆಯಲ್ಲ, ಈಗ ಯಾಕೆ ಹೊಟ್ಟೆ ಕೆಡಿಸಿಕೊಳ್ಳೋದು" ಎಂದರು ಅಮ್ಮ. ನಾನೂ ಒಪ್ಪಿದೆ. ವೈದ್ಯನಾದ ನಾನು ಒಪ್ಪಿದೆ ಎಂಬುದನ್ನು ಓದುಗರು ಗಮನಿಸಬೇಕು.

ಮೂರು ಹತ್ತಕ್ಕೆ ಹೋಟೆಲಿನ ಬಾಗಿಲಿಗೆ ಹೋದರೆ ಮೇಜು ಸಿದ್ಧವಾಗಿರಲಿಲ್ಲ. ಇನ್ನು ಹತ್ತು ನಿಮಿಷ ಎಂದರು, ಆಮೇಲೆ ಇನ್ನು ಹತ್ತು ನಿಮಿಷ ಎಂದರು. ಮೂರು ಮೂವತ್ತೈದರ ಹೊತ್ತಿಗೆ ಅಮ್ಮ ನನ್ನನ್ನು ತೀರಿಹೋದ ಸೋದರಮಾವನ ಹೆಸರಿನಿಂದ ಕರೆದರು. ತಿರುಗಿ ನೋಡಿದೆ. ಹಣೆಯ ತುಂಬ ಬೆವರು, ಕೈಬೆರಳುಗಳಲ್ಲಿ ನಡುಕ, ಕಣ್ಣಿನಲ್ಲಿ ನೋಟವಿಲ್ಲ. ಗ್ಲುಕೋಮೀಟರಿನಲ್ಲಿ 54.

ನನ್ನ ಪತ್ನಿ ಓಡಿಹೋಗಿ ಪಕ್ಕದ ಕಾಫಿ ಅಂಗಡಿಯ ಸಾಲನ್ನು ದಾಟಿ ಕಿತ್ತಳೆ ರಸದ ಬಾಟಲಿ ತಂದಳು. ಹಣ ಆಮೇಲೆ ಕೊಟ್ಟೆವು. ಅಂಗಡಿಯ ಹುಡುಗಿ ಬೇಡವೆಂದಳು. ಹದಿನೈದು ನಿಮಿಷದಲ್ಲಿ ಅಮ್ಮ ಚೇತರಿಸಿಕೊಂಡರು. ಆಮೇಲೆ ಮೇಜೂ ಸಿಕ್ಕಿತು, ರಾಜಕುಮಾರಿಯೂ ಬಂದಳು. ಅಮ್ಮ ಅವಳಿಗೆ ಕನ್ನಡದಲ್ಲಿ ಆಶೀರ್ವಾದ ಮಾಡಿದರು. ಮಗಳ ಬಳಿ ಆ ಚಿತ್ರವಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಕಾಣುವುದು ಅಮ್ಮನ ಸೆರಗಿನ ಮೇಲಿನ ಕಿತ್ತಳೆ ರಸದ ಕಲೆ.

ಇದರಲ್ಲಿ ನನ್ನ ತಪ್ಪೇ ದೊಡ್ಡದು. ಅದನ್ನು ಉದ್ಯಾನದ ಮೇಲೆ ಹೊರಿಸಲಾರೆ. ಹಿರಿಯರ ಜೊತೆ ಪ್ರಯಾಣ ಮಾಡುವವರಿಗೆ ಉಪಯೋಗವಾದೀತೆಂದು ಎರಡು ಮಾತು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಊಟ ತಡವಾದರೆ ಸಕ್ಕರೆ ಅಪಾಯಕರವಾಗಿ ಇಳಿಯುವುದು ಅಪರೂಪ. ಆದರೆ ಗ್ಲಿಮೆಪಿರೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳು ಹಾಗೂ ಇನ್ಸುಲಿನ್ ಹಾಗಲ್ಲ. ಅವು ಊಟಕ್ಕಾಗಿ ಕಾಯುವುದಿಲ್ಲ. ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಹದಿನೈದು ಗ್ರಾಮಿನಷ್ಟು ಬೇಗ ಕರಗುವ ಸಕ್ಕರೆ ಕೊಡಬೇಕು: ಅರ್ಧ ಕಪ್ ಹಣ್ಣಿನ ರಸ, ಅಥವಾ ಒಂದು ದೊಡ್ಡ ಚಮಚ ಸಕ್ಕರೆ, ಅಥವಾ ಮೂರು ನಾಲ್ಕು ಗ್ಲುಕೋಸ್ ಮಾತ್ರೆ. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಚಾಕೊಲೇಟ್ ಸಾಲದು, ಅದರಲ್ಲಿರುವ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 911ಕ್ಕೆ ಕರೆ ಮಾಡಬೇಕು. ಪ್ರಯಾಣಕ್ಕೆ ಮೊದಲು ಮಾತ್ರೆಯ ಪ್ರಮಾಣ ಮತ್ತು ಹೊತ್ತಿನ ಬಗ್ಗೆ ನಿಮ್ಮ ವೈದ್ಯರೊಂದಿಗೆ ಮಾತನಾಡಿ. ಚೀಲದಲ್ಲಿ ತಿನ್ನಲು ಏನಾದರೂ ಇರಲಿ. ಈ ಮಾತನ್ನು ನಮ್ಮ ಸಂಘದ ಉಚಿತ ಆರೋಗ್ಯ ತಪಾಸಣೆಯಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ದಿನ ನನ್ನ ಚೀಲದಲ್ಲಿ ಇದ್ದದ್ದು ಫೋನಿನ ಚಾರ್ಜರು, ಛತ್ರಿ ಮತ್ತು ಮಳೆ ಅಂಗಿ.

ಆದರೂ ಪದ್ಧತಿಯ ಬಗ್ಗೆ ನನ್ನ ತಕರಾರು ಉಳಿದೇ ಇದೆ. ಮೇಜು ಎಂಬುದು ವಿಮಾನದ ಆಸನವಿದ್ದಂತೆ, ಈ ಹೊತ್ತಿನ ಖಾಲಿ ಜಾಗವನ್ನು ನಾಳೆ ಮಾರಲಾಗದು, ಆದ್ದರಿಂದ ಮುಂಗಡ ಕಾಯ್ದಿರಿಸುವಿಕೆ ಎಲ್ಲರಿಗೂ ಹಿತ ಎಂದು ಹೋಟೆಲಿನವರು ವಾದಿಸುತ್ತಾರೆ. ಊರಿನ ಹೋಟೆಲಿಗೆ ಈ ವಾದ ಒಪ್ಪುತ್ತದೆ. ಓಪನ್‌ಟೇಬಲ್‌ನಂಥ ಸೇವೆ 1998ರಲ್ಲಿ ಆರಂಭವಾದ ಮೇಲೆ ಮೇಜು ಹಿಡಿಯುವುದು ಎಷ್ಟೋ ಸುಲಭವಾಯಿತು. ಒಂದು ಕಡೆ ಜಾಗವಿಲ್ಲದಿದ್ದರೆ ರಸ್ತೆ ದಾಟಿದರಾಯಿತು. ಉದ್ಯಾನದ ಒಳಗೆ ದಾಟಲು ರಸ್ತೆಯೇ ಇಲ್ಲ. ನೂರಾರು ಡಾಲರು ಕೊಟ್ಟು ಒಳಹೊಕ್ಕ ಕುಟುಂಬ ಊಟಕ್ಕೆಂದು ಹೊರಗೆ ಹೋದರೆ ವಾಹನ ನಿಲುಗಡೆಗೆ ನಡೆದು ಮರಳುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಅಲ್ಲಿ ಹಸಿವು ಉದ್ಯಾನದ ಕೈಯಲ್ಲಿದೆ. ಹಾಗಿರುವಾಗ ಊಟದ ಹೊತ್ತಿನ ಮೇಜುಗಳನ್ನೆಲ್ಲ ಎರಡು ತಿಂಗಳು ಮೊದಲೇ, ಬೆಳಗಿನ ಜಾವದ ನಾಲ್ಕು ನಿಮಿಷಗಳಲ್ಲಿ ಹಂಚಿಬಿಡುವುದು ನ್ಯಾಯವೆನಿಸದು.

ಯಾರಿಗೆ ಸಿಗುತ್ತದೆ ಎಂಬುದನ್ನೂ ಯೋಚಿಸಬೇಕು. ರಜೆಯನ್ನು ಆರು ತಿಂಗಳು ಮೊದಲೇ ನಿಶ್ಚಯಿಸಬಲ್ಲ ಸಾಫ್ಟ್‌ವೇರ್ ಕುಟುಂಬಕ್ಕೆ ಸಿಗುತ್ತದೆ. ಮೋಟೆಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಶುಶ್ರೂಷಾಲಯದ ರಾತ್ರಿಪಾಳಿಯಲ್ಲಿ ದುಡಿಯುವವರಿಗೆ ರಜೆ ಮಂಜೂರಾಗುವುದೇ ಎರಡು ವಾರ ಮುಂಚೆ. ಅವರ ಮಕ್ಕಳಿಗೂ ರಾಜಕುಮಾರಿ ಬೇಡವೇ? ಅವರ ಅತ್ತೆಗೂ ಸಕ್ಕರೆ ಕಾಯಿಲೆ ಇರಬಹುದಲ್ಲವೇ? ಊಟದ ಹೊತ್ತಿನ ಮೇಜುಗಳಲ್ಲಿ ಒಂದು ಪಾಲನ್ನಾದರೂ ಅದೇ ದಿನ ಬೆಳಗ್ಗೆ ಬಿಡುಗಡೆ ಮಾಡಲಿ, ಹಿರಿಯರಿಗೂ ರೋಗಿಗಳಿಗೂ ಕೇಳಿದೊಡನೆ ಕೂರಲು ಒಂದಿಷ್ಟು ಜಾಗ ಇರಿಸಲಿ ಎಂಬುದು ನನ್ನ ಬೇಡಿಕೆ. ಇದನ್ನು ಉದ್ಯಾನದವರಿಗೂ ಬರೆದಿದ್ದೇನೆ. ನಯವಾದ ಉತ್ತರ ಬಂದಿದೆ, ಅಷ್ಟೇ.

ಈಗ ನಮ್ಮ ಕಡೆಗೆ ಬರೋಣ. ಮೇಜುಗಳನ್ನು ಹಿಡಿದಿಟ್ಟು ಮಾರಿಕೊಳ್ಳುವ ದಂಧೆಯನ್ನು ತಡೆಯಲು ನ್ಯೂಯಾರ್ಕ್ ರಾಜ್ಯ 2024ರ ಡಿಸೆಂಬರಿನಲ್ಲಿ ಕಾನೂನನ್ನೇ ಮಾಡಿತು. ಹೋಟೆಲಿನ ಒಪ್ಪಿಗೆಯಿಲ್ಲದೆ ಮೂರನೆಯವರು ಅದರ ಮೇಜನ್ನು ಮಾರುವಂತಿಲ್ಲ. ನಾವು ಮಾರುವವರಲ್ಲ, ನಿಜ. ಆದರೆ ಒಂದೇ ದಿನಕ್ಕೆ ಮೂರು ಹೋಟೆಲುಗಳಲ್ಲಿ ಹೆಸರು ಬರೆಸಿ, ಆ ದಿನ ಮನಸ್ಸು ಬಂದಲ್ಲಿಗೆ ಹೋಗುವ ಅಭ್ಯಾಸ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಜಾಣತನವೆಂದೇ ಚಲಾವಣೆಯಲ್ಲಿದೆ. "ಎಲ್ಲಾ ಹಿಡಿದಿಟ್ಟುಕೊಳ್ಳಿ, ಹಿಂದಿನ ದಿನ ಕ್ಯಾನ್ಸಲ್ ಮಾಡಿದರಾಯಿತು" ಎಂದು ನನಗೂ ಇಬ್ಬರು ಮಿತ್ರರು ಸಲಹೆ ಕೊಟ್ಟರು. ನಾನು ಪಾಲಿಸಿದೆ. ಅದೇ ಮಾರ್ಚಿನ ಪ್ರವಾಸದ ಮರುದಿನಕ್ಕೆ ಹನ್ನೆರಡು ನಲವತ್ತರ ಒಳ್ಳೆಯ ಮೇಜೊಂದು ನನ್ನ ಹೆಸರಿನಲ್ಲಿತ್ತು. ಇನ್ನೊಂದು ಹೆಚ್ಚು ಇಷ್ಟವಾದುದರಿಂದ ಅದನ್ನು ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಟ್ಟೆ. ಐವತ್ತೊಂಬತ್ತು ದಿನ ಆ ಮೇಜು ಯಾರಿಗೂ ಸಿಗದಂತೆ ನನ್ನ ಬಳಿ ಬಿದ್ದಿತ್ತು. ಯಾವ ಊರಿನ ಯಾವ ಅಜ್ಜಿ ಆ ದಿನ ಮೂರು ಗಂಟೆಯವರೆಗೆ ಕಾದರೋ ನಾನು ತಿಳಿಯೆ.

ಸಂಘದ ಊಟಗಳ ವಿಷಯವನ್ನು ಇಲ್ಲಿ ಎತ್ತಿದರೆ ಸಮಿತಿಯವರು ನನ್ನನ್ನು ಹರಸುತ್ತಾರೆ, ಸದಸ್ಯರು ಮುನಿಸಿಕೊಳ್ಳುತ್ತಾರೆ, ಇರಲಿ. ಯುಗಾದಿಯ ಊಟಕ್ಕೆ ಎಷ್ಟು ಜನ ಬರುವಿರಿ ಎಂದು ಮೂರು ವಾರ ಮೊದಲು ಕೇಳಿದರೆ ನಾವು ಉತ್ತರಿಸುವುದಿಲ್ಲ. ಕೊನೆಯ ದಿನ ಹೆಸರು ಕೊಡದವರು ಬಂಧುಗಳೊಡನೆ ಬರುತ್ತಾರೆ, ಕೊಟ್ಟವರಲ್ಲಿ ಹಲವರು ಬರುವುದೇ ಇಲ್ಲ. ಹೋಳಿಗೆ ಮೊದಲ ಪಂಕ್ತಿಗೇ ಮುಗಿಯುತ್ತದೆ, ಅನ್ನ ಮಾತ್ರ ಪಾತ್ರೆಗಟ್ಟಲೆ ಉಳಿಯುತ್ತದೆ. ಆರೋಗ್ಯ ತಪಾಸಣೆಯ ದಿನವೂ ಅದೇ ಕಥೆ: ಹೆಸರು ಬರೆಸಿದವರ ಕುರ್ಚಿಗಳು ಖಾಲಿ, ಬರೆಸದವರು ಬಾಗಿಲಲ್ಲಿ. ಬಾರದವರಿಗೆ ತಲೆಗೆ ಇಷ್ಟು ಎಂದು ದಂಡ ಹಾಕುವ ಉದ್ಯಾನವನ್ನು ಬೈಯುತ್ತಿರುವಾಗಲೇ, ನಮ್ಮ ಖಜಾಂಚಿಯವರಿಗೆ ಆ ಅಧಿಕಾರವಿದ್ದಿದ್ದರೆ ಚೆನ್ನಾಗಿತ್ತೆಂದು ಒಮ್ಮೊಮ್ಮೆ ಅನಿಸಿದ್ದುಂಟು.

ಈ ಡಿಸೆಂಬರಿನಲ್ಲಿ ಮತ್ತೆ ಫ್ಲಾರಿಡಾಕ್ಕೆ ಹೊರಟಿದ್ದೇವೆ. ಅಮ್ಮ ವೀಸಾ ಅವಧಿ ಮುಗಿದು ಊರಿಗೆ ಹೋದವರು ಮತ್ತೆ ಬರುತ್ತಾರೆ. ಮಗಳು ಅಜ್ಜಿಯಿಲ್ಲದೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಅಕ್ಟೋಬರಿನ ಆ ಬೆಳಗಿಗೆ ಅಲಾರಂ ಇಟ್ಟಿದ್ದೇನೆ. ದಿನಕ್ಕೆ ಒಂದೇ ಮೇಜು, ಹನ್ನೆರಡೂವರೆಗೆ, ಸಿಗದಿದ್ದರೆ ಬೇಡ. ವಿಷಯವನ್ನು ಫೋನಿನಲ್ಲಿ ಹೇಳಿದಾಗ ಅಮ್ಮ, ಪುಳಿಯೋಗರೆ ಗೊಜ್ಜನ್ನೂ ಕೋಡುಬಳೆಯನ್ನೂ ತಾವೇ ತರುವುದಾಗಿ ತಿಳಿಸಿದ್ದಾರೆ. ಉದ್ಯಾನದ ಗೇಟಿನಲ್ಲಿ ಕೋಡುಬಳೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿ ಹೇಳಬೇಕಂತೆ.