ಮಾತ್ರೆ ಯಾವ ತಾರೀಕಿನವರೆಗೆ?

ಆಪರೇಷನ್ ಆದವರನ್ನು ಮನೆಗೆ ಹೋಗಿ ನೋಡಿ ಬರುವುದು ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ತಪ್ಪಿಸಲಾಗದ ಮರ್ಯಾದೆ. ಒಂದು ಕಟ್ಟು ಬ್ರೆಡ್ಡು, ನಾಲ್ಕು ಸೇಬು, ಅದರ ಮೇಲೊಂದು ಬಿಟ್ಟಿ ಸಲಹೆ: "ಏಳ್ಬೇಡಿ ಮಾವ, ತೋಟ ಎಲ್ಲಿಗೂ ಓಡಿ ಹೋಗುವುದಿಲ್ಲ. ಮಲಗಿಯೇ ಇರಿ." ಮಂಡಿಯದ್ದೋ ಸೊಂಟದ್ದೋ ಕೀಲು ಬದಲಿಸಿಕೊಂಡು ಬಂದವರಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ.

ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ಅದು ಸುಮ್ಮನಾದರೆ ಒಳಗಿನ ದೊಡ್ಡ ರಕ್ತನಾಳಗಳಲ್ಲಿ ರಕ್ತ ಮಂದವಾಗುತ್ತದೆ. ಎಲುಬು ಕತ್ತರಿಸಿಕೊಂಡ ದೇಹವೋ, ಗಾಯ ಮುಚ್ಚುವ ಭರದಲ್ಲಿ ಹೆಪ್ಪುಗಟ್ಟಿಸಲು ತಯಾರಾಗಿಯೇ ನಿಂತಿರುತ್ತದೆ. ಎರಡೂ ಸೇರಿದರೆ ಕಾಲಿನಲ್ಲಿ ಹೆಪ್ಪು. ಅದರ ಒಂದು ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂತರೆ ಜೀವಕ್ಕೇ ಸಂಚಕಾರ. ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಪತ್ತೆಯಾದ ಹೆಪ್ಪುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಾಣಿಸಿಕೊಂಡದ್ದು ರೋಗಿ ಮನೆಗೆ ಹೋದ ಮೇಲೆ. ಅಂದರೆ ಅಪಾಯದ ಬಹುಪಾಲು ದಿನಗಳು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಕೊಲ್ಲಮೊಗ್ರಿನಲ್ಲೋ ನೆಟ್ಟಣದಲ್ಲೋ ಇರುವ ಮನೆಯ ಚಾವಡಿಯಲ್ಲಿ.

ಅದಕ್ಕೇ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ಈ ಮದ್ದಿನ ಕುಲದ ಕತೆ ಹಟ್ಟಿ ಇರುವವರಿಗೆಲ್ಲ ಹಿಡಿಸುವಂಥದ್ದು. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಸ್ಟು ಹಿಡಿದ ಒಣಹುಲ್ಲು ತಿಂದ ದನಗಳು ಕೊಂಬು ತೆಗೆದರೂ ಸಾಕು, ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸನ್ನೂ ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಬಂದ. ಆ ಹುಲ್ಲಿನ ವಿಷದ ಬೆನ್ನುಹತ್ತಿ ಹೋದಾಗ ಹುಟ್ಟಿದ್ದು ವಾರ್ಫರಿನ್. 1948ರಲ್ಲಿ ಇಲಿ ಪಾಷಾಣ, 1950ರ ದಶಕದಲ್ಲಿ ಮನುಷ್ಯರ ಮಾತ್ರೆ. ನಮ್ಮ ಕೊಕ್ಕೋ ತೋಟಗಳಲ್ಲಿ ಇಲಿಗೆಂದು ಇಡುವ ಬ್ರೋಮಾಡಿಯೋಲೋನ್ ಬಿಲ್ಲೆಯೂ ಅದೇ ಕುಟುಂಬದ್ದು. ಹೆದರಿಸಲು ಹೇಳುತ್ತಿಲ್ಲ. ಕಾಯುವ ಮದ್ದಿಗೂ ಕೊಲ್ಲುವ ಮದ್ದಿಗೂ ನಡುವೆ ಇರುವುದು ಪ್ರಮಾಣ, ಅಷ್ಟೇ.

ಈಗ ಗಂಟಿನ ಆಪರೇಷನ್ ಆದವರಿಗೆ ಬರೆಯುವುದು ಹೆಚ್ಚಾಗಿ ರಿವರೋಕ್ಸಬಾನ್, ಎಪಿಕ್ಸಬಾನ್ ಮಾತ್ರೆ, ಇಲ್ಲವೇ ಹೊಟ್ಟೆಯ ಚರ್ಮದಡಿಗೆ ಚುಚ್ಚುವ ಎನೋಕ್ಸಪಾರಿನ್. ಮಂಡಿಗಾದರೆ ಸಾಮಾನ್ಯವಾಗಿ ಎರಡು ವಾರ, ಸೊಂಟಕ್ಕಾದರೆ ಐದು ವಾರದಷ್ಟು. ಅಗ್ಗದ ಆಸ್ಪಿರಿನ್ ಸಾಲದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಐದು ದಿನ ರಿವರೋಕ್ಸಬಾನ್ ಕೊಟ್ಟು ಬಳಿಕ ಆಸ್ಪಿರಿನ್‌ಗೆ ಬದಲಿಸಿದರೂ ನಡೆಯುತ್ತದೆ ಎಂದು 2018ರಲ್ಲಿ ಕೆನಡಾದ ಪ್ರಯೋಗ ತೋರಿಸಿತು. ಮೊದಲಿನಿಂದಲೇ ಆಸ್ಪಿರಿನ್ ಕೊಟ್ಟ ಆಸ್ಟ್ರೇಲಿಯಾದ 2022ರ ಪ್ರಯೋಗದಲ್ಲಿ ಶೇಕಡಾ 3.45 ಮಂದಿಗೆ ಹೆಪ್ಪಿನ ತೊಂದರೆಯಾಯಿತು. ಎನೋಕ್ಸಪಾರಿನ್ ಪಡೆದವರಲ್ಲಿ ಅದು 1.82 ಮಾತ್ರ. ಹಿಂದೆ ಹೆಪ್ಪುಗಟ್ಟಿದವರು, ಕ್ಯಾನ್ಸರ್ ಇರುವವರು, ತೂಕ ಜಾಸ್ತಿ ಇರುವವರ ಲೆಕ್ಕ ಬೇರೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿ ಆಗಲೇ ಮಾತ್ರೆ ನುಂಗುತ್ತಿರುವವರ ಲೆಕ್ಕ ಮತ್ತೂ ಬೇರೆ. ಇದನ್ನೆಲ್ಲ ಆಪರೇಷನ್ನಿಗೆ ಮೊದಲೇ ಡಾಕ್ಟರ ಕಿವಿಗೆ ಹಾಕಬೇಕು.

ಎಡವಟ್ಟು ಆಗುವುದು ಸಣ್ಣ ಕಡೆ. ಮೆಡಿಕಲ್‌ನ ಕಾಗದದ ಕವರಿನ ಮೇಲೆ 1-0-0 ಎಂದು ಪೆನ್ನಿನಲ್ಲಿ ಗೀಚಿರುತ್ತಾರೆ. ಎಷ್ಟು ದಿನ? ಅದು ಇಂಗ್ಲಿಷ್ ಡಿಸ್ಚಾರ್ಜ್ ಚೀಟಿಯ ಒಳಗೆಲ್ಲೋ. ಒಂದು ಪಟ್ಟಿ ಮುಗಿದ ಕೂಡಲೇ "ನೋವು ಕಡಿಮೆ ಉಂಟಲ್ಲ" ಎಂದು ನಿಲ್ಲಿಸುವವರಿದ್ದಾರೆ. ಒಳ್ಳೆಯ ಮದ್ದು ಎಂದು ಮತ್ತೆ ತರಿಸಿ ತಿಂಗಳುಗಟ್ಟಲೆ ನುಂಗುವವರೂ ಇದ್ದಾರೆ. ರಾತ್ರಿ ಗಂಟು ಸಿಡಿಯುತ್ತದೆಂದು ಹಳೆಯ ಡೈಕ್ಲೋಫೆನಾಕ್ ಹುಡುಕಿ ಬಾಯಿಗೆ ಹಾಕಿಕೊಂಡರೆ ಹೊಟ್ಟೆಯೊಳಗೆ ರಕ್ತ ಒಸರಬಹುದು. ಮಲ ಡಾಮರಿನಂತೆ ಕಪ್ಪಾದರೆ, ಮೂತ್ರದಲ್ಲಿ, ವಸಡಿನಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕು.

ಇನ್ನು ತೈಲ. ಮೀನಖಂಡ ಬಿಗಿಯಿತೆಂದರೆ ಬಿಸಿ ಎಣ್ಣೆ ಹಚ್ಚಿ ಗಸಗಸ ತಿಕ್ಕುವುದು ನಮ್ಮ ಮನೆಗಳ ಮೊದಲ ಚಿಕಿತ್ಸೆ. ಕಾಲು ಊದಿ, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋಯುತ್ತಿದ್ದರೆ ದಯವಿಟ್ಟು ತಿಕ್ಕಬೇಡಿ. ಒಳಗೆ ಹೆಪ್ಪಿದ್ದರೆ ಕಳಚೀತು. ಸ್ಕ್ಯಾನ್ ಆಗಬೇಕು. ಮಾಡಬೇಕಾದ ಕಸರತ್ತು ಬೇರೆಯೇ: ಎಚ್ಚರವಿದ್ದಷ್ಟು ಹೊತ್ತು ಪಾದವನ್ನು ಮೇಲೆ ಕೆಳಗೆ ಆಡಿಸುವುದು, ವಾಕರ್ ಹಿಡಿದು ಜಗಲಿಯಲ್ಲಿ ದಿನಕ್ಕೆ ಹಲವು ಸಲ ನಾಲ್ಕು ಹೆಜ್ಜೆ, ಸಾಕಷ್ಟು ನೀರು. ಹೊಲಿಗೆ ಬಿಚ್ಚಿಸಲು ಮಂಗಳೂರಿಗೆ ಹೋಗುವಾಗ ಕಾರನ್ನು ಮಾಣಿಯಲ್ಲೋ ಬಿ.ಸಿ.ರೋಡಿನಲ್ಲೋ ನಿಲ್ಲಿಸಿ, ಅವರನ್ನು ಇಳಿಸಿ ನಡೆಸಿ.

ನನ್ನ ಬೇಡಿಕೆ ಒಂದೇ. ಗಂಟು ಬದಲಿಸುವ ಪ್ರತಿ ಆಸ್ಪತ್ರೆಯೂ ಮನೆಗೆ ಕಳಿಸುವಾಗ ಒಂದು ಪುಟ ಕನ್ನಡದಲ್ಲಿ ಕೊಡಲಿ: ಹೆಪ್ಪಿನ ಮದ್ದಿನ ಹೆಸರು, ಕೊನೆಯ ಮಾತ್ರೆಯ ತಾರೀಕು, ಜೊತೆಗೆ ನುಂಗಬಾರದ ನೋವಿನ ಮಾತ್ರೆಗಳು, ರಾತ್ರಿಯೂ ಎತ್ತುವ ಒಂದು ಫೋನ್ ನಂಬರು. ಲಕ್ಷ ಲಕ್ಷದ ಬಿಲ್ಲಿಗೆ ಒಂದು ಹಾಳೆ ಭಾರವಾಗದು. ಕೊಡದಿದ್ದರೆ ನಾವೇ ಕೇಳಿ ಬರೆಸಿಕೊಳ್ಳುವುದು.

ಒಮ್ಮೆಲೇ ಉಸಿರು ಸಿಗದಂತಾದರೆ, ಎದೆ ನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಗ್ಯಾಸ್ ಎಂದು ಜೀರಿಗೆ ನೀರು ಕುದಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಅಲ್ಲಿ ಶುಗರ್, ಬಿಪಿ ಪುರಾಣಕ್ಕೆ ಮೊದಲು ಹೇಳಬೇಕಾದ ಮಾತು: "ಗಂಟಿನ ಆಪರೇಷನ್ ಆಗಿ ಇಷ್ಟು ದಿನ ಆಯ್ತು, ಈ ಮಾತ್ರೆ ತೆಗೊಳ್ತಾ ಇದ್ದಾರೆ."