ಮ್ಯಾಗ್ಲೆವ್ ದುಬಾರಿ ನಿಜ, ಬುರುಡೆಯಲ್ಲ

ಕಾಂತಬಲದಿಂದ ತೇಲಿ ಓಡುವ ಮ್ಯಾಗ್ಲೆವ್ ರೈಲಿನ ಮಾತೆತ್ತಿದರೆ ಸಾಕು, ತಕರಾರುಗಳು ಸಾಲುಗಟ್ಟುತ್ತವೆ. ಒಂದೊಂದನ್ನೇ ನೋಡೋಣ.

‘ಕಾಂತದ ಬಲದಿಂದ ಯಾವುದೂ ಸ್ಥಿರವಾಗಿ ತೇಲದು. 1842ರಲ್ಲೇ ಗಣಿತಜ್ಞ ಅರ್ನ್‌ಶಾ ಸಾಧಿಸಿದ್ದಾನೆ.’ ಸರಿಯೇ. ಆದರೆ ಆ ಪ್ರಮೇಯ ಬಲ ಬದಲಾಗದ ಕಾಂತಗಳಿಗೆ ಸಂಬಂಧಿಸಿದ್ದು. ಚೀನಾದ ಶಾಂಘೈನಲ್ಲಿ ಓಡುವ ಮ್ಯಾಗ್ಲೆವ್ ರೈಲಿನಲ್ಲಿರುವುದು ವಿದ್ಯುತ್ಕಾಂತ. ಬೋಗಿಯ ಅಂಚುಗಳು ಮಾರ್ಗದ ತೊಲೆಯನ್ನು ಬಳಸಿ ಅದರ ಅಡಿಗೆ ಬಾಗಿವೆ. ಅಲ್ಲಿನ ಕಾಂತಗಳು ತೊಲೆಯ ತಳದ ಕಬ್ಬಿಣದ ಕಡೆಗೆ ಎಳೆದುಕೊಂಡು ಇಡೀ ಬೋಗಿಯನ್ನು ಎತ್ತುತ್ತವೆ. ನಡುವಿನ ಅಂತರ ಸುಮಾರು 10 ಮಿ.ಮೀ. ಅದು ಕಿರಿದಾದರೆ ಕಾಂತ ಅಂಟಿಕೊಳ್ಳುತ್ತದೆ, ಹಿಗ್ಗಿದರೆ ಬೋಗಿ ಕುಸಿಯುತ್ತದೆ. ಅದಕ್ಕೇ ಸೆನ್ಸರ್‌ಗಳು ಎಡೆಬಿಡದೆ ಅಂತರ ಅಳೆಯುತ್ತವೆ, ಅದಕ್ಕೆ ತಕ್ಕಂತೆ ಕರೆಂಟು ಏರಿಳಿಯುತ್ತದೆ. ಅರ್ನ್‌ಶಾ ಇದನ್ನು ನಿಷೇಧಿಸಿಲ್ಲ.

‘ತೇಲಿಸುವುದಕ್ಕೇ ಊರಿನ ಕರೆಂಟೆಲ್ಲ ಬೇಕು.’ ಪುಸ್ತಕ ಹೊತ್ತು ನಿಲ್ಲಲು ಮೇಜಿಗೆ ಯಾವ ಶಕ್ತಿಯೂ ಬೇಡ. ಒಂದೇ ಎತ್ತರದಲ್ಲಿ ಹಿಡಿದಿಡುವುದು ಭೌತಶಾಸ್ತ್ರದ ಲೆಕ್ಕದಲ್ಲಿ ಕೆಲಸವೇ ಅಲ್ಲ. ಸುರುಳಿ ಬಿಸಿಯಾಗಿ ಒಂದಿಷ್ಟು ನಷ್ಟವಾಗುತ್ತದೆ, ಅಷ್ಟೆ. ವೇಗ ಏರಿದಾಗ ಕರೆಂಟು ನುಂಗುವುದು ಮುಖ್ಯವಾಗಿ ಗಾಳಿಯ ತಡೆ. ಅದು ಗಾಲಿಯ ರೈಲಿಗೂ ತಪ್ಪಿದ್ದಲ್ಲ.

‘ಕರೆಂಟು ಹೋದರೆ ಗತಿಯೇನು?’ ಶಾಂಘೈ ರೈಲಿನೊಳಗೇ ಬ್ಯಾಟರಿ ಇದೆ. ಜಪಾನಿನ ಯಮನಾಶಿಯಲ್ಲಿ 2015ರಲ್ಲಿ ಗಂಟೆಗೆ 603 ಕಿ.ಮೀ. ಮುಟ್ಟಿದ ರೈಲಿನ ದಾರಿಯೇ ಬೇರೆ. ಅದರ ಅತಿವಾಹಕ ಕಾಂತಗಳು ಓಡುವಾಗ ಪಕ್ಕದ ಗೋಡೆಯ ಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತೇ ರೈಲನ್ನು ಎತ್ತಿ ಹಿಡಿಯುತ್ತದೆ. ವೇಗವಾಗಿ ಓಡುತ್ತಿರುವಷ್ಟು ಹೊತ್ತೂ ತೇಲುತ್ತದೆ. ವೇಗ ತಗ್ಗಿದಾಗ ರಬ್ಬರ್ ಗಾಲಿಗಳ ಮೇಲೆ ಇಳಿಯುತ್ತದೆ.

‘2006ರಲ್ಲಿ ಜರ್ಮನಿಯಲ್ಲಿ 23 ಮಂದಿ ಸತ್ತರಲ್ಲ?’ ಸತ್ತರು. ಪರೀಕ್ಷಾ ಮಾರ್ಗದಲ್ಲಿ ನಿರ್ವಹಣಾ ವಾಹನ ನಿಂತಿರುವಾಗಲೇ ರೈಲು ಬಿಟ್ಟಿದ್ದರು. ಸೋತದ್ದು ಸಂಚಾರ ನಿಯಂತ್ರಣ, ತೇಲುವ ತಂತ್ರವಲ್ಲ.

‘ಶಾಂಘೈನ 30 ಕಿ.ಮೀ. ಬಿಟ್ಟರೆ ಉಪಯೋಗ ಎಲ್ಲಿದೆ?’ ಜಪಾನಿನ ಐಚಿಯಲ್ಲಿ 2005ರಿಂದ, ಚೀನಾದ ಚಾಂಗ್ಶಾದಲ್ಲಿ 2016ರಿಂದ ನಗರದ ಜನ ಇದರಲ್ಲೇ ಓಡಾಡುತ್ತಿದ್ದಾರೆ. ರೈಲಿನಾಚೆಗೂ ಕಣ್ಣು ಹಾಯಿಸಿ. ‘ಹಾರ್ಟ್‌ಮೇಟ್ 3’ ಎಂಬ ಹೃದಯದ ಪಂಪಿನಲ್ಲಿ ತಿರುಗುವ ಚಕ್ರ ಬೇರಿಂಗ್ ಇಲ್ಲದೆ ಕಾಂತಬಲದಿಂದಲೇ ತೇಲುತ್ತದೆ. ಉಜ್ಜಾಟವಿಲ್ಲ, ಸವೆತವಿಲ್ಲ, ರಕ್ತಕಣಗಳು ಜಜ್ಜಿಹೋಗದಂತೆ ಸುತ್ತ ಜಾಗವೂ ಇದೆ. ಹಿಂದಿನ ಮಾದರಿಗಿಂತ ಇದರಲ್ಲಿ ರಕ್ತ ಹೆಪ್ಪುಗಟ್ಟುವುದು ಕಡಿಮೆ. ಮುಟ್ಟದೆ ಹೊರುವುದೇ ಈ ತಂತ್ರದ ಸಾರ. ವೇಗ ಅದರ ಒಂದು ಫಲ ಮಾತ್ರ.

‘ದುಬಾರಿ.’ ಇದೊಂದನ್ನು ಒಪ್ಪುತ್ತೇನೆ. ಹಳೆಯ ಹಳಿ ಇದಕ್ಕೆ ಉಪಯೋಗಕ್ಕೆ ಬಾರದು. ಇಡೀ ಮಾರ್ಗವನ್ನು ಹೊಸದಾಗಿಯೇ ಕಟ್ಟಬೇಕು. ಈ ಖರ್ಚು ನಮಗೆ ಗಿಟ್ಟುತ್ತದೆಯೇ ಎಂದು ಕೇಳಿ, ಚರ್ಚಿಸೋಣ. ತೇಲುವುದೇ ಸುಳ್ಳು ಎನ್ನುವವರೊಡನೆ ಚರ್ಚೆಗೆ ಏನೂ ಉಳಿದಿಲ್ಲ.